ಒಂದು ಚೋರಟೆಗೆ ನಾಲ್ಕು ಚೀಟಿ

ಮಣಿಪಾಲ, ಹೊರಡುವ ಹಿಂದಿನ ವಾರ

ಡೆನ್ಮಾರ್ಕಿಗೆ ಹೋಗಬೇಕಾಗಿದ್ದದ್ದು ನಾನಲ್ಲ, ಒಂದು ಚೋರಟೆ. ಅದಕ್ಕೆ ಪಾಸ್‌ಪೋರ್ಟ್ ಕೊಡುವವರಿಲ್ಲದ ಕಾರಣ ನಾನು ಅದನ್ನು ಹೊತ್ತುಕೊಂಡು ಹೋದೆ.

ಚೋರಟೆ ನಿಮಗೆ ಗೊತ್ತು. ಮಳೆ ಹಿಡಿದ ಮೇಲೆ ಬಚ್ಚಲಿನ ಗೋಡೆ ಹತ್ತುವ, ಮುಟ್ಟಿದರೆ ಚಕ್ಕುಲಿಯಂತೆ ಸುತ್ತಿಕೊಳ್ಳುವ ಹುಳ. ಪುಸ್ತಕದಲ್ಲಿ ಸಹಸ್ರಪದಿ ಎಂದು ಕರೆದು ಅದಕ್ಕೆ ಇಲ್ಲದ ಕಾಲುಗಳನ್ನು ಜೋಡಿಸುತ್ತಾರೆ. ನನ್ನದು ಬಚ್ಚಲಿನದ್ದಲ್ಲ, ಕಾಡಿನದ್ದು. ಬೆಂಕಿಕಡ್ಡಿಯಷ್ಟು ಉದ್ದ, ಚಪ್ಪಟೆ ಬೆನ್ನು, ಕಂದು ಬಣ್ಣ, ಎರಡೂ ಅಂಚಿನಲ್ಲಿ ಹಳದಿ ಚುಕ್ಕೆಗಳ ಸಾಲು. ಉಡುಪಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ನಾನು ಆರು ಮಳೆಗಾಲ ಇಂಥವುಗಳನ್ನು ಹೆಕ್ಕಿದ್ದೆ. ಅದೇ ಥರ ಕಾಣುವವು ಒಟ್ಟು ಹದಿನಾಲ್ಕು ಸಿಕ್ಕಿದ್ದವು. ಹದಿಮೂರು ಹೆಣ್ಣು ಅಥವಾ ಮರಿ, ಬೇರೆ ಬೇರೆ ಗುಡ್ಡಗಳಲ್ಲಿ ಸಿಕ್ಕಿದವು. ಒಂದೇ ಒಂದು ಗಂಡು.

ಈ ಹುಳಗಳ ಲೋಕದಲ್ಲಿ ಗಂಡಿಲ್ಲದೆ ಏನನ್ನೂ ಹೇಳುವಂತಿಲ್ಲ. ಗಂಡಿನ ಏಳನೆಯ ಉಂಗುರದಲ್ಲಿ ಒಂದು ಜೊತೆ ಕಾಲು ನಡೆಯುವುದನ್ನು ಬಿಟ್ಟು ಕೂಡುವುದಕ್ಕೆ ಬೇಕಾದ ಕೊಕ್ಕೆಯಾಗಿರುತ್ತದೆ. ಹೊರಗಿನಿಂದ ಒಂದೇ ಥರ ಕಾಣುವ ಎರಡು ಹುಳಗಳ ಕೊಕ್ಕೆ ಬೇರೆಯಾದರೆ ಜಾತಿಯೂ ಬೇರೆ. ಹೆಣ್ಣುಗಳನ್ನು ನೋಡಿ ಇದು ಅದೇ, ಇದು ಅದಲ್ಲ ಎಂದು ಆಣೆ ಮಾಡಲಾಗದು. ಮಣಿಪಾಲದಲ್ಲಿ ಗೆಳತಿಯೊಬ್ಬಳ ಲ್ಯಾಬಿನಲ್ಲಿ ಒಳ್ಳೆಯ ಸೂಕ್ಷ್ಮದರ್ಶಕವಿತ್ತು. ಎಷ್ಟೋ ತಿಂಗಳ ಹಿಂದೆ ಒಂದು ಶನಿವಾರ ಮಧ್ಯಾಹ್ನ ಅದರಡಿ ಇಟ್ಟು ನೋಡಿದಾಗ ನನ್ನ ಗಂಡಿನ ಕೊಕ್ಕೆ ತುದಿಯಲ್ಲಿ ಸೀಳಿ ಒಂದು ಕವಲು ಹಿಂದಕ್ಕೆ ಬಾಗಿತ್ತು. ಅಂಥದ್ದನ್ನು ನಾನು ಯಾವ ಚಿತ್ರದಲ್ಲೂ ನೋಡಿರಲಿಲ್ಲ. ಆದರೆ ನಮ್ಮಲ್ಲಿದ್ದ ಚಿತ್ರಗಳೇ ಎಷ್ಟು. ಹಳೆಯ ಮಾದರಿಗಳು ಕೋಪನ್‌ಹೇಗನ್‌ನ ಒಂದು ಸಂಗ್ರಹಾಲಯದಲ್ಲಿದ್ದವು. ಬರೆದೆ, ಬನ್ನಿ ಎಂದರು, ಒಂದು ಸಣ್ಣ ಸಹಾಯಧನವೂ ಸಿಕ್ಕಿತು, ಕಾಲೇಜು ಆರು ವಾರ ರಜೆ ಕೊಟ್ಟಿತು. ಆ ಆರು ವಾರಗಳಲ್ಲಿ ಗೊತ್ತಾಗಬೇಕಾದದ್ದು ಒಂದೇ: ಇದು ಜಗತ್ತಿಗೆ ಹೊಸದೋ, ಅಲ್ಲವೋ. ಹೊಸದಾದರೆ ಹೆಸರಿಡುವುದು ನಾನು. ಹೆಸರನ್ನೂ ಯೋಚಿಸಿಯಾಗಿತ್ತು. ಹುಳ ಸಿಕ್ಕಿದ್ದು ಕಾರ್ಕಳದ ಗುಡ್ಡದಲ್ಲಿ, ನಾನು ಹುಟ್ಟಿದ್ದೂ ಕಾರ್ಕಳದಲ್ಲಿ. ಕಾರ್ಕಳೆನ್ಸಿಸ್.

ಹೊರಡುವ ಮೊದಲು ಒಂದು ಕೆಲಸ ಮಾಡಿದೆ. ಗಂಡಿನ ಬಾಟಲಿಯೊಳಗಿದ್ದ ಚೀಟಿ ಬಸ್ ಟಿಕೆಟಿನ ಹಿಂಬದಿಯಲ್ಲಿ ಮಳೆಯಲ್ಲಿ ನಿಂತು ಪೆನ್ಸಿಲಿನಲ್ಲಿ ಗೀಚಿದ್ದು. ಮಣ್ಣು ಮೆತ್ತಿ ಕೊಳಕಾಗಿತ್ತು. ಪರದೇಶದವರ ಎದುರು ಇದನ್ನು ಹೇಗೆ ಇಡುವುದು? ಹೊಸ ಬಿಳಿ ಕಾಗದ ಕತ್ತರಿಸಿ, ಹಾಜರಿ ಪುಸ್ತಕಕ್ಕೆ ಬಳಸುವ ಒಳ್ಳೆಯ ಪೆನ್ನಿನಲ್ಲಿ, ನನ್ನ ಅತಿ ಚಂದದ ಅಕ್ಷರದಲ್ಲಿ ಊರು, ಜಾಗ, ಹಿಡಿದವರ ಹೆಸರು ಎಲ್ಲವನ್ನೂ ಬರೆದು ಹಾಕಿದೆ. ಟಿಕೆಟನ್ನು ಕಸದ ಬುಟ್ಟಿಗೆ ಎಸೆದೆ. ಉಳಿದ ಹದಿಮೂರಕ್ಕೆ ಪೆನ್ಸಿಲೇ ಸಾಕು ಅನಿಸಿತು. ಅವು ಅಷ್ಟು ಮುಖ್ಯದವುಗಳಲ್ಲ.

ಬೊಂಬಾಯಿ

ಉಡುಪಿಯಿಂದ ಬೊಂಬಾಯಿಗೆ ಬಸ್ಸು. ಬಾಟಲಿಗಳು ಹತ್ತಿಯ ನಡುವೆ, ಹತ್ತಿ ಸ್ಟೀಲಿನ ಬುತ್ತಿಡಬ್ಬಿಯೊಳಗೆ, ಡಬ್ಬಿ ನನ್ನ ಮಡಿಲಲ್ಲಿ. ಪಕ್ಕದ ಸೀಟಿನ ಹೆಂಗಸು ದಾರಿಯುದ್ದಕ್ಕೂ ಅದನ್ನು ನೋಡುತ್ತಿದ್ದರು. ನಾನು ತಿನ್ನುವುದೂ ಇಲ್ಲ, ಕೊಡುವುದೂ ಇಲ್ಲ ಎಂಬ ಬೇಸರ ಅವರ ಮುಖದಲ್ಲಿತ್ತು.

ಮಾಟುಂಗಾದಲ್ಲಿ ಅಕ್ಕನ ಮನೆ. ಅಕ್ಕ ಮೊದಲು ನೋಡಿದ್ದು ನನ್ನ ಕೈ.

"ಬೋಳುಕೈಯಲ್ಲಿ ಹೊರದೇಶಕ್ಕೆ ಹೋಗುತ್ತೀಯಾ? ಅಲ್ಲಿಯವರು ಎಂತ ತಿಳಿದುಕೊಳ್ಳಬೇಕು?"

"ಅಲ್ಲಿ ಯಾರೂ ಬಳೆ ನೋಡುವುದಿಲ್ಲ ಅಕ್ಕ."

"ನೀನು ನೋಡುವುದಿಲ್ಲ. ಹುಳ ನೋಡಿ ನೋಡಿ ನಿನ್ನ ಕಣ್ಣು ಹಾಗೆ ಆಗಿದೆ."

ಗಲ್ಲಿಯ ಬಳೆಗಾರನ ಹತ್ತಿರ ಕರೆದುಕೊಂಡು ಹೋಗಿ ಎರಡೂ ಕೈಗೆ ಒಂದೊಂದು ಡಜನ್ ಕೆಂಪು ಗಾಜಿನ ಬಳೆ ಹಾಕಿಸಿದಳು. ಕೆಸರಿನಲ್ಲಿ ಕೈಯಾಡಿಸುವ ಕೆಲಸವಾದ್ದರಿಂದ ನಾನು ಬಳೆ ಬಿಟ್ಟು ಎಷ್ಟೋ ವರ್ಷಗಳಾಗಿತ್ತು.

ಮರುದಿನ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ಡಬ್ಬಿ ತೆರೆಸಿದರು. ಇದನ್ನು ಸ್ಟಾಫ್ ರೂಮಿನಲ್ಲಿ ನಾನು ಹಲವು ಸಲ ಹೇಳಿದ್ದೇನೆ: ಅಧಿಕಾರಿ ಬಾಟಲಿಯ ಸ್ಪಿರಿಟ್ಟು ಮೂಸಿ, ಮದ್ಯ ಎಂದು ಕಣ್ಣರಳಿಸಿ, ಇನ್ನೊಬ್ಬನನ್ನು ಕರೆದು, ಆ ಇನ್ನೊಬ್ಬ ಒಳಗಿನ ಹುಳ ನೋಡಿ ಎರಡು ಹೆಜ್ಜೆ ಹಿಂದೆ ಹಾರಿ, ಕೊನೆಗೆ ನನಗೆ ನಮಸ್ಕರಿಸಿ ಕಳುಹಿಸಿದರು. ಎಲ್ಲರೂ ನಗುತ್ತಾರೆ. ಈಗ ಇದನ್ನು ಬರೆಯಲು ಕೂತು ಆಗಿನ ಡೈರಿ ತೆಗೆದೆ. ಆ ದಿನದ ಪುಟದಲ್ಲಿರುವುದು ಇಷ್ಟು: "ಕಸ್ಟಮ್ಸ್. ತೊಂದರೆಯಿಲ್ಲ." ಹಿಂದೆ ಹಾರಿದವನು ಎಲ್ಲಿಂದ ಬಂದ ಎಂದು ನನಗೆ ಗೊತ್ತಿಲ್ಲ. ಅವನ ಮೀಸೆಯೂ ನನಗೆ ನೆನಪಿದೆ.

ಓದುವವರು ಮುಂದಿನದ್ದನ್ನೂ ಇಷ್ಟೇ ನಂಬಿದರೆ ಸಾಕು.

ಕೋಪನ್‌ಹೇಗನ್, ಮೊದಲ ಎರಡು ದಿನ

ಅಕ್ಟೋಬರ್. ಇಡೀ ಊರು ಸೈಕಲ್ಲಿನ ಮೇಲಿತ್ತು. ಟೈ ಕಟ್ಟಿದವರು, ಅಜ್ಜಿಯರು, ಪಾದ್ರಿಯೊಬ್ಬರು, ಎಲ್ಲರೂ ಮಳೆಯಲ್ಲಿ ಮುಖ ತಗ್ಗಿಸಿ ತುಳಿಯುತ್ತಿದ್ದರು. ಮಳೆಯನ್ನು ಮಳೆ ಎನ್ನಲೂ ನಾಚಿಕೆಯಾಗಬೇಕು. ನಮ್ಮಲ್ಲಿ ಜುಲೈಯಲ್ಲಿ ಛಾವಣಿ ಬಡಿದು ಮಾತು ನಿಲ್ಲಿಸುವ ಮಳೆ. ಇಲ್ಲಿ ಯಾರೋ ಮೇಲಿನಿಂದ ಇಸ್ತ್ರಿಗೆ ನೀರು ಚಿಮುಕಿಸುತ್ತಿದ್ದ ಹಾಗೆ.

ಎರಡನೆಯ ದಿನ ಬೆಳಿಗ್ಗೆ ಒಂದು ಬ್ರೆಡ್ಡಿನ ಅಂಗಡಿಯ ಹೊರಗೆ ತಳ್ಳುಗಾಡಿಯೊಂದರಲ್ಲಿ ಮಗು ಮಲಗಿತ್ತು. ಹತ್ತಿರ ಯಾರೂ ಇಲ್ಲ. ಚಳಿಗೆ ಅದರ ಮೂಗು ಕೆಂಪಾಗಿತ್ತು. ಯಾರೋ ಬಿಟ್ಟುಹೋಗಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಅಲ್ಲೇ ನಿಂತೆ. ಕಾಲು ಗಂಟೆಯಾಯಿತು. ಪೊಲೀಸರನ್ನು ಕರೆಯಲು ಭಾಷೆ ಬಾರದು, ಬಿಟ್ಟು ಹೋಗಲು ಮನಸ್ಸು ಬಾರದು. ಕೊನೆಗೆ ಅಂಗಡಿಯೊಳಗಿನಿಂದ ಒಬ್ಬಳು ಕಾಫಿ ಕುಡಿದು ಬಾಯಿ ಒರೆಸಿಕೊಳ್ಳುತ್ತ ಬಂದು, ನನ್ನನ್ನೂ ಮಗುವನ್ನೂ ನೋಡಿ, ಗಾಡಿಯನ್ನು ಬೇಗಬೇಗ ತಳ್ಳಿಕೊಂಡು ಹೋದಳು. ಅಲ್ಲಿಯವರು ಮಕ್ಕಳನ್ನು ಹೊರಗೆ ಗಾಳಿಯಲ್ಲಿ ಮಲಗಿಸಿ ತಾವು ಒಳಗೆ ಕೂರುತ್ತಾರೆ. ಅದು ಆರೋಗ್ಯಕ್ಕೆ. ಆ ಹೆಂಗಸು ನನ್ನನ್ನು ಮಕ್ಕಳ ಕಳ್ಳಿ ಎಂದೇ ತಿಳಿದಿರಬೇಕು.

ಸಂಗ್ರಹಾಲಯ, ನೆಲಮಾಳಿಗೆ

ಚೋರಟೆಗಳ ವಿಭಾಗ ನೋಡಿಕೊಳ್ಳುತ್ತಿದ್ದವರು ಇಂಗರ್ ಎಂಬ ಅರವತ್ತರ ಹೆಂಗಸು. ಎತ್ತರದ ಮೈ, ಗಿಡ್ಡ ಕೂದಲು, ಸ್ವೆಟರಿನ ಮೊಣಕೈಗಳಲ್ಲಿ ತೇಪೆ. ಸ್ಪಷ್ಟವಾದ ನಿಧಾನದ ಇಂಗ್ಲಿಷ್. ಮೊದಲ ದಿನವೇ ತಮ್ಮನ್ನು ಬರೀ ಇಂಗರ್ ಎಂದು ಕರೆಯಬೇಕೆಂದರು. ನಮ್ಮ ವಿಭಾಗದ ಮುಖ್ಯಸ್ಥರನ್ನು ಹೆಸರು ಹಿಡಿದು ಕರೆದಂತೆ ಕಲ್ಪಿಸಿಕೊಂಡೆ. ಕರೆಯದೇ ಇರುವ ಉಪಾಯ ಹುಡುಕಿಕೊಂಡೆ. ಮಾತಾಡಬೇಕಾದಾಗ ಅವರ ಮೇಜಿನ ಹತ್ತಿರ ಹೋಗಿ ಕೆಮ್ಮುತ್ತಿದ್ದೆ.

ನೆಲಮಾಳಿಗೆಯಲ್ಲಿ ಮಧ್ಯಾಹ್ನ ಮೂರಕ್ಕೇ ಅವರ ಮೇಜಿನ ಮೇಲೆ ಮೇಣದ ಬತ್ತಿ ಉರಿಯುತ್ತಿತ್ತು.

"ಕರೆಂಟು ಹೋಯಿತೇ?" ಎಂದು ಕೇಳಿದೆ.

"ಇಲ್ಲ. ಚೆನ್ನಾಗಿರುತ್ತದೆ ಎಂದು," ಎಂದರು. ಕರೆಂಟು ಇರುವಾಗ ಬತ್ತಿ ಹಚ್ಚುವುದರ ಚಂದ ಗೊತ್ತಾಗಲು ಅದು ಹೋಗದ ಊರಿನಲ್ಲಿ ಹುಟ್ಟಬೇಕು.

ಬುತ್ತಿಡಬ್ಬಿ ತೆರೆದೆ. ಇಂಗರ್ ಬತ್ತಿಯನ್ನು ದೂರ ಸರಿಸಿ, ಬಾಟಲಿಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿದು ಸಾಲಾಗಿ ಇಟ್ಟರು. ಹದಿಮೂರು. ಹದಿನಾಲ್ಕನೆಯದನ್ನು ಎತ್ತಿದವರು ಹಾಗೇ ಹಿಡಿದುಕೊಂಡರು. ಸ್ಪಿರಿಟ್ಟು ತಿಳಿನೀಲಿಯಾಗಿತ್ತು. ನೀಲಿಯ ನಡುವೆ ಚೋರಟೆ ಸುಖವಾಗಿತ್ತು. ಚೀಟಿಯ ಮೇಲೆ ಒಂದಕ್ಷರವೂ ಇರಲಿಲ್ಲ.

"ಪೆನ್ನು?" ಎಂದರು.

"ಪೆನ್ನು," ಎಂದೆ.

ಸ್ಪಿರಿಟ್ಟಿನಲ್ಲಿ ಆ ಶಾಯಿ ನಿಲ್ಲುವುದಿಲ್ಲ ಎಂಬುದನ್ನು ನಾನು ಪ್ರತಿವರ್ಷ ಮೊದಲ ಬಿ.ಎಸ್ಸಿ.ಯವರಿಗೆ ಕಲಿಸುತ್ತೇನೆ.

"ಮೊದಲಿನ ಚೀಟಿ ಇರಬೇಕಲ್ಲ?"

ಬಸ್ ಟಿಕೆಟಿನ ಕತೆ ಹೇಳಿದೆ. ಇಂಗರ್ ನಗಲಿಲ್ಲ. ನನ್ನನ್ನು ಒಂದು ಕಪಾಟಿನ ಹತ್ತಿರ ಕರೆದೊಯ್ದು ಹಳೆಯ ಬಾಟಲಿಯೊಂದನ್ನು ತೋರಿಸಿದರು. ಅದರಲ್ಲಿ ಒಂದು ಹುಳ, ಐದು ಚೀಟಿ. ನೂರು ವರ್ಷದ ಹಿಂದೆ ಯಾರೋ ತಪ್ಪು ಹೆಸರು ಬರೆದ ಚೀಟಿ, ಅದನ್ನು ತಿದ್ದಲು ಹೋಗಿ ಇನ್ನೊಂದು ತಪ್ಪು ಮಾಡಿದವನದ್ದು, ಆಮೇಲೆ ಇನ್ನಿಬ್ಬರದ್ದು, ಕೊನೆಗೆ ಇಂಗರ್ ಅವರದ್ದು.

"ಇಲ್ಲಿ ನಾವು ಚೀಟಿ ಎಸೆಯುವುದಿಲ್ಲ. ತಪ್ಪಾಗಿದ್ದರೂ ಎಸೆಯುವುದಿಲ್ಲ. ಮೇಲೆ ಗೀಟೂ ಹಾಕುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಹಾಕುತ್ತೇವೆ, ಅಷ್ಟೆ."

"ನನಗೆ ಜಾಗ ಚೆನ್ನಾಗಿ ನೆನಪಿದೆ," ಎಂದೆ.

"ಇರಬಹುದು," ಎಂದರು ಇಂಗರ್. "ಆ ದಿನ ನಿಮ್ಮ ಜೊತೆ ಯಾರಾದರೂ ಇದ್ದರಾ?"

ಇದ್ದರು. ಹಸನಬ್ಬ. ಕಾಪುವಿನವರು. ಉಡುಪಿ, ಮಣಿಪಾಲದ ಕಾಲೇಜುಗಳಿಗೆ ಕೊಯ್ಯಲು ಕಪ್ಪೆ ಪೂರೈಸುವವರು. ಗೋಣಿಚೀಲ ಹೆಗಲಿಗೇರಿಸಿ ಬಂದರೆ ಕಾರಿಡಾರಿನಲ್ಲೆಲ್ಲ ವಟವಟ ಸದ್ದು. ಐವತ್ತು ದಾಟಿದ ಬ್ಯಾರಿ, ಮಾತಿನಲ್ಲಿ ಬಹಳ ಮರ್ಯಾದೆ. ಹೆಂಗಸರ ಎದುರು ಬೀಡಿ ಸೇದುವುದಿಲ್ಲ, ಕಪ್ಪೆಯ ಗಂಡು ಹೆಣ್ಣು ಹೇಳಬೇಕಾದರೆ "ಇದು ಯಜಮಾನ, ಇದು ಮನೆಯವರು" ಎನ್ನುವರು. ಕಾಪುವಿನ ಗದ್ದೆಯಿಂದ ಹೆಬ್ರಿಯ ಕಾಡಿನವರೆಗೆ ಯಾವ ಹೊಂಡದಲ್ಲಿ ಏನಿದೆ ಎಂದು ಗೊತ್ತಿದ್ದ ಅವರನ್ನು ನಾನು ಚೋರಟೆ ಹೆಕ್ಕಲು ಜೊತೆಗೆ ಕರೆದುಕೊಂಡು ಹೋಗುತ್ತಿದ್ದೆ. ಆ ಸಂಜೆಯೇ ಅವರಿಗೆ ಏರೋಗ್ರಾಂ ಬರೆದೆ: ಗಂಡು ಚೋರಟೆ ನನಗೆ ಸಿಕ್ಕಿದ್ದು ಕಾರ್ಕಳದ ಗುಡ್ಡದಲ್ಲಿ ಅಲ್ವಾ, ಒಂದು ಗೆರೆ ಬರೆಯಿರಿ. ಅವರು ಹೌದು ಎಂದು ಬರೆಯುತ್ತಾರೆ, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಇಂಗರ್ ಮನೆ, ಭಾನುವಾರ

ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಅದೊಂದು ನಮ್ಮದೇ ಕ್ರಮ ಕಂಡು ಕಾಲು ಹಗುರಾಯಿತು. ಊಟಕ್ಕೆ ಕಪ್ಪು ರೊಟ್ಟಿಯ ಮೇಲೆ ಹುಳಿಯಲ್ಲಿ ನೆನೆದ ಹಸಿ ಮೀನು. ನಾವೂ ಮೀನು ತಿನ್ನುವವರೇ. ಆದರೆ ಮಲ್ಪೆಯ ಮೀನು ಬೆಂಕಿ ಕಂಡ ಮೇಲೆ ನಮ್ಮ ಬಾಯಿಗೆ ಬರುತ್ತದೆ. ಕಣ್ಣು ಮುಚ್ಚಿ ನುಂಗಿದೆ. ಎರಡನೆಯ ತುಂಡು ಕಣ್ಣು ಬಿಟ್ಟೇ ತಿಂದೆ.

ಆಮೇಲೆ ಇಂಗರ್ ಬಿಳಿಯ ಮಿಠಾಯಿಯೊಂದನ್ನು ತಟ್ಟೆಯಲ್ಲಿ ಇಟ್ಟರು, ಬಾದಾಮಿ ಅರೆದು ಸಕ್ಕರೆ ಸೇರಿಸಿದ್ದು. ಬಾಯಿಯ ಹತ್ತಿರ ತಂದವಳು ನಿಂತುಬಿಟ್ಟೆ. ಅದು ಚೋರಟೆಯ ವಾಸನೆ. ನಮ್ಮ ಚಪ್ಪಟೆ ಬೆನ್ನಿನವು ಹೆದರಿದರೆ ಕಹಿಬಾದಾಮಿಯ ವಾಸನೆ ಬಿಡುತ್ತವೆ. ಅದು ಅವುಗಳ ವಿಷ. ಆ ವಾಸನೆಗೆ ನನ್ನ ಕಣ್ಣೆದುರು ಆ ದಿನ ಪೂರ್ತಿ ಎದ್ದು ನಿಂತಿತು. ಇಂಗರ್‌ಗೆ ಹೇಳುತ್ತಾ ಹೋದೆ: ಕಾರ್ಕಳದ ಗುಡ್ಡದ ಹಿಂಬದಿ. ಕರಿಬಂಡೆಯ ಬುಡದಲ್ಲಿ ಕೊಳೆತ ಎಲೆ. ಮಳೆ ಆಗಷ್ಟೇ ನಿಂತಿದೆ. ನಾನು ಬಗ್ಗಿ ತಟ್ಟೆಯಷ್ಟು ದೊಡ್ಡ ಕಲ್ಲೊಂದನ್ನು ಎಡಗೈಯಲ್ಲಿ ಎತ್ತುತ್ತೇನೆ. ಕೆಸರು ಕೈಗೆ ಹತ್ತುತ್ತದೆ, ಬಳೆಗೂ ಹತ್ತುತ್ತದೆ, ಕೆಂಪು ಗಾಜಿನ ಮೇಲೆ ಕಂದು ಕೆಸರು. ಕಲ್ಲಿನಡಿ ಅದು ಸುತ್ತಿಕೊಂಡಿದೆ. ಈ ವಾಸನೆ ಬರುತ್ತದೆ.

ಇಂಗರ್ ಪೂರ್ತಿ ಕೇಳಿದರು. ಮೆಚ್ಚಿದಂತೆಯೂ ಕಂಡಿತು.

"ಬಹಳ ಸ್ಪಷ್ಟವಾಗಿದೆ," ಎಂದರು. ಅದನ್ನು ಅವರು ಹೊಗಳಿಕೆಯಾಗಿ ಹೇಳಲಿಲ್ಲ ಎಂದು ನನಗೆ ಆಗ ತಿಳಿಯಲಿಲ್ಲ.

ಸೋಮವಾರ ನೆಲಮಾಳಿಗೆಯಲ್ಲಿ ನನ್ನನ್ನು ಕಂಡೊಡನೆ ಅವರು "ಹಿಂದಿನ ಸಲಕ್ಕೆ ಧನ್ಯವಾದ" ಎಂದರು. ಮನೆಗೆ ಕರೆದು ಉಣ್ಣಿಸಿದವರು ಅವರು, ಧನ್ಯವಾದ ನನಗೇಕೆ? ಅಲ್ಲಿ ಅದು ಪದ್ಧತಿ. ಯಾರನ್ನೇ ಮತ್ತೆ ಕಂಡರೂ ಕಳೆದ ಭೇಟಿಗೆ ಮೊದಲು ವಂದಿಸಿ ಆಮೇಲೆ ಮಾತು. ಹಿಂದಿನ ಸಲ ಏನಾಯಿತು ಎಂದು ಎರಡೂ ಕಡೆಯವರು ನೆನಪಿಟ್ಟುಕೊಂಡಿರಬೇಕು.

ನಾಲ್ಕನೆಯ ವಾರ

ಇಷ್ಟರಲ್ಲಿ ನಾನು ಭಾರತದ, ಸಿಲೋನಿನ, ಬರ್ಮಾದ ಗಂಡುಗಳನ್ನೆಲ್ಲ ನೋಡಿ ಮುಗಿಸಿದ್ದೆ. ಕೊಕ್ಕೆಗಳ ಚಿತ್ರ ಬರೆದು ಬರೆದು ಕಣ್ಣು ಮುಚ್ಚಿದರೂ ಕೊಕ್ಕೆಗಳೇ. ಸೀಳಿದ ತುದಿ ಎರಡರಲ್ಲಿ ಸಿಕ್ಕಿತು, ಆದರೆ ಹಿಂದಕ್ಕೆ ಬಾಗಿದ ಕವಲು ಯಾವುದರಲ್ಲೂ ಇರಲಿಲ್ಲ. ಗುರುವಾರ ಇಂಗರ್ ತಾವೇ ಕೂತು ನೋಡಿದರು. ಬಹಳ ಹೊತ್ತು ನೋಡಿದರು. ತಲೆಯೆತ್ತಿ, "ಹೊಸದು," ಎಂದರು. ಎದ್ದು ಹೋಗಿ ಇಬ್ಬರಿಗೂ ಕಾಫಿ ತಂದರು.

ಕಾಫಿ ಮುಗಿದ ಮೇಲೆ ಕೇಳಿದರು: "ಎಲ್ಲಿಯದು ಎಂದು ಬರೆಯುತ್ತೀರಿ?"

ಹಸನಬ್ಬರ ಉತ್ತರ ಬಂದಿರಲಿಲ್ಲ. ನಾನು ನನ್ನ ಉಪಾಯವನ್ನು ಮುಂದಿಟ್ಟೆ. ಆ ದಿನ ನಾವು ಹೋದದ್ದು ಹೆಬ್ರಿ ಮತ್ತು ಕಾರ್ಕಳ. ಎರಡೂ ಕಾರ್ಕಳ ತಾಲೂಕಿಗೇ ಸೇರಿದವು. ಕಾರ್ಕಳ ತಾಲೂಕು ಎಂದರೆ ಸುಳ್ಳಾಗುವುದಿಲ್ಲ, ಹೆಸರೂ ಉಳಿಯುತ್ತದೆ.

"ಆ ತಾಲೂಕನ್ನು ದಾಟಲು ಎಷ್ಟು ಹೊತ್ತು ಬೇಕು?"

"ಬಸ್ಸಿನಲ್ಲಿ ಎರಡು ಗಂಟೆ."

"ಚೋರಟೆಗೆ?"

ಒಂದು ಗುಡ್ಡದ ಚೋರಟೆ ಹೊಳೆ ದಾಟಿ ಎದುರಿನ ಗುಡ್ಡಕ್ಕೆ ಹೋಗುವುದಿಲ್ಲ. ಅದಕ್ಕೇ ಒಂದೊಂದು ಗುಡ್ಡದಲ್ಲಿ ಒಂದೊಂದು ಜಾತಿ. ತಪ್ಪು ಗುಡ್ಡದ ಹೆಸರು ಬರೆದರೆ ನಾಳೆ ಹುಡುಕಿಕೊಂಡು ಬಂದವನಿಗೆ ಅಲ್ಲಿ ಬೇರೆ ಏನೋ ಸಿಗುತ್ತದೆ, ಅದನ್ನೇ ನನ್ನದು ಎಂದುಕೊಳ್ಳುತ್ತಾನೆ, ಅವನ ಹಿಂದೆ ಬಂದವರೆಲ್ಲ ಹಾಗೇ ತಪ್ಪುತ್ತಾರೆ. ಇಂಗರ್ ಅದನ್ನು ನನಗೆ ವಿವರಿಸಲಿಲ್ಲ. ಒಂದು ಬಿಳಿ ಚೀಟಿ ಮತ್ತು ಪೆನ್ಸಿಲ್ ಕೊಟ್ಟು, "ನಿಮಗೆ ನೆನಪಿರುವುದನ್ನು ಬರೆಯಿರಿ. ನೆನಪಿನಿಂದ ಎಂದೂ ಬರೆಯಿರಿ," ಎಂದರು. ಬರೆದೆ. ಕಾರ್ಕಳದ ಗುಡ್ಡ, ಕರಿಬಂಡೆಯ ಬುಡ, ಕಲ್ಲಿನಡಿ, ನಾನೇ ಹಿಡಿದದ್ದು. ನೆನಪಿನಿಂದ. ಆ ಕೊನೆಯ ಪದ ಬರೆಯುವಾಗ ಸ್ವಲ್ಪ ಅವಮಾನವಾಯಿತು. ಖಾಲಿ ನೀಲಿ ಚೀಟಿಯ ಪಕ್ಕ ಅದು ಬಾಟಲಿಯೊಳಗೆ ಇಳಿಯಿತು.

ಕಾಗದ ಬಂದ ದಿನ

ಐದನೆಯ ವಾರದ ಮಂಗಳವಾರ. ಕಾಪುವಿನಲ್ಲಿ ಎಷ್ಟೋ ಮನೆಗಳ ಗಂಡಸರು ಗಲ್ಫಿನಲ್ಲಿರುವುದರಿಂದ ಹೊರದೇಶದ ಕಾಗದ ಮಡಚಿ ಅಂಟಿಸುವುದರಲ್ಲಿ ಅಲ್ಲಿಯವರ ಕೈ ಪಳಗಿದೆ. ಹಸನಬ್ಬ ಮೂರೂ ಮಡಿಕೆಗಳನ್ನು ತುಂಬಿಸಿದ್ದರು. ಆ ಕಾಗದ ನನ್ನ ಹತ್ತಿರ ಈಗಲೂ ಇದೆ, ಆದ್ದರಿಂದ ಇದೊಂದನ್ನು ಮಾತ್ರ ಧೈರ್ಯವಾಗಿ ಹಾಗೆಯೇ ಇಳಿಸುತ್ತೇನೆ.

"ಟೀಚರಿಗೆ ಹಸನಬ್ಬ ಮಾಡುವ ಸಲಾಂ. ನಾವು ಕ್ಷೇಮ. ನೀವು ಅಲ್ಲಿ ಅನ್ನ ಸಿಗದೆ ಕಷ್ಟದಲ್ಲಿ ಇದ್ದೀರೋ ಎಂತದೋ. ಪೋಸ್ಟಿನವರು ಡೆನ್ಮಾರ್ಕ್ ದುಬೈಯಿಂದ ಆಚೆಯಾ ಈಚೆಯಾ ಎಂದು ಕೇಳಿದರು, ನಾನು ಬಹಳ ಆಚೆ ಎಂದು ಹೇಳಿದ್ದೇನೆ.

"ನೀವು ಕೇಳಿದ್ದಕ್ಕೆ ನಾಲ್ಕು ದಿನ ಯೋಚನೆ ಮಾಡಿದೆ. ಹೌದು ಎಂದು ಬರೆದರೆ ನಿಮಗೆ ಸಂತೋಷ. ಆದರೆ ಅದು ಕಾರ್ಕಳದ್ದು ಅಲ್ಲ ಟೀಚರೇ. ಅದು ನೀವು ಹಿಡಿದದ್ದೂ ಅಲ್ಲ. ಆ ದಿನ ಹೆಬ್ರಿಯಿಂದ ಬರುವಾಗ ಬಸ್ಸಿನ ಟಯರು ಪಂಕ್ಚರ್ ಆಗಿ ಕಾಡಿನ ತಿರುವಿನಲ್ಲಿ ಅರ್ಧ ಗಂಟೆ ನಿಂತಿತು, ನೆನಪು ಉಂಟಾ? ನೀವು ಬಸ್ಸಿನಲ್ಲೇ ಕೂತಿದ್ದಿರಿ. ನಾನು ಗಂಡಸರು ಹೋಗುವ ಕೆಲಸಕ್ಕೆ ಮರದ ಹಿಂದೆ ಹೋಗಿದ್ದೆ. ಅಲ್ಲಿ ಕೂತಲ್ಲಿ ನನ್ನ ಕಣ್ಣೆದುರೇ ಅದು ಹೋಗುತ್ತಾ ಇತ್ತು. ಬಾಟಲಿ ಕಿಸೆಯಲ್ಲಿ ಇತ್ತು, ಹಾಕಿಕೊಂಡೆ. ಇಂಥ ಕಡೆ ಸಿಕ್ಕಿದ್ದು ಎಂದು ಹೆಂಗಸರ ಹತ್ತಿರ, ಅದೂ ಟೀಚರ ಹತ್ತಿರ, ಬಾಯಿ ಬಿಟ್ಟು ಹೇಳಲಿಕ್ಕೆ ಆಗುತ್ತದಾ? ನೀವು ಎಲ್ಲವನ್ನೂ ಬರೆಯುವವರು. ಯಾವ ಮರ, ಎಷ್ಟು ದೂರ, ಅಲ್ಲಿ ಎಂತ ಮಾಡುತ್ತಿದ್ದೆ ಎಂದು ಕೇಳುವವರು. ಹಾಗೆ ಕಾರ್ಕಳದ ಗುಡ್ಡದಲ್ಲಿ ಕೊಟ್ಟು, ಇಲ್ಲೇ ಸಿಕ್ಕಿತು ಎಂದೆ. ನೀವು ಟಿಕೆಟಿನಲ್ಲಿ ಬರೆದುಕೊಂಡಿರಿ. ಅದು ಇಷ್ಟು ದೊಡ್ಡ ಹುಳ ಎಂದು ನನಗೆ ಗೊತ್ತಿರಲಿಲ್ಲ. ಕಾಗದದಲ್ಲಿ ಹೇಳುವುದು ಸುಲಭ, ಮುಖ ಕಾಣುವುದಿಲ್ಲ. ಮಾಫ್ ಮಾಡಿ."

ನೆಲಮಾಳಿಗೆಯ ಮೆಟ್ಟಿಲ ಮೇಲೆ ಕೂತು ಓದಿದೆ. ಮೊದಲು ಸಿಟ್ಟು ಬಂತು. ಹಸನಬ್ಬರಿಗೆ ವಯಸ್ಸಾಯಿತು, ಯಾವುದೋ ದಿನವನ್ನು ಯಾವುದಕ್ಕೋ ಸೇರಿಸಿದ್ದಾರೆ. ನಾನು ಕಲ್ಲು ಎತ್ತಿದ್ದು ನನ್ನ ಕಣ್ಣೆದುರಿಗಿದೆ. ನನ್ನ ಕೈ, ಕೆಸರು, ಬಳೆ.

ಎಡಗೈ ನೋಡಿಕೊಂಡೆ. ಚಳಿಗೆ, ಮೇಜಿನ ಅಂಚಿಗೆ ತಾಗಿ ಒಡೆದುಹೋಗಿ ನಾಲ್ಕು ಬಳೆ ಉಳಿದಿದ್ದವು. ಕೆಂಪು ಗಾಜಿನವು. ಅಕ್ಕ ಮಾಟುಂಗಾದಲ್ಲಿ ಹಾಕಿಸಿದ್ದು. ಚೋರಟೆ ಸಿಕ್ಕಿದ ಮಳೆಗಾಲದಲ್ಲಿ ನನ್ನ ಕೈ ಬೋಳಾಗಿತ್ತು.

ಹಾಗಾದರೆ ಆ ಕಲ್ಲೆತ್ತಿದ ಕೈ ಯಾರದ್ದು? ಕೋಪನ್‌ಹೇಗನ್‌ನ ಮಿಠಾಯಿಯ ತಟ್ಟೆಯ ಪಕ್ಕದಲ್ಲಿದ್ದ ಕೈ. ಅದನ್ನು ನಾನು ಸಮುದ್ರ ದಾಟಿಸಿ, ತಿಂಗಳುಗಟ್ಟಲೆ ಹಿಂದಕ್ಕೆ ಕಳುಹಿಸಿ, ಗುಡ್ಡದ ಹಿಂಬದಿಯಲ್ಲಿ ಬಗ್ಗಿಸಿದ್ದೆ. ಕೆಸರನ್ನೂ ನಾನೇ ಮೆತ್ತಿದ್ದೆ.

ಇಂಗರ್‌ಗೆ ಕಾಗದವನ್ನು ಇಂಗ್ಲಿಷಿಗೆ ಮಾಡಿ ಓದಿದೆ. ಮರದ ಹಿಂದಿನ ಭಾಗಕ್ಕೆ ಬಂದಾಗ ನಾನೂ ತಡವರಿಸಿದೆ. ಆ ಐದು ವಾರಗಳಲ್ಲಿ ಅವರು ಗಟ್ಟಿಯಾಗಿ ನಕ್ಕದ್ದು ಅದೊಂದೇ ಸಲ. ನಕ್ಕು ಮುಗಿಸಿ ಕೇಳಿದರು:

"ಇವರ ನೆನಪು ಸರಿ ಎಂದು ಹೇಗೆ ಹೇಳುವಿರಿ?"

"ಇದರಲ್ಲಿ ಬಳೆ ಇಲ್ಲ," ಎಂದೆ. ಆಮೇಲೆ ಸೇರಿಸಿದೆ, "ಗೊತ್ತಿಲ್ಲ, ಇಂಗರ್."

ಹೆಸರು ಬಾಯಿಂದ ಹೊರಟೇಬಿಟ್ಟಿತ್ತು. ಇಬ್ಬರೂ ಅದನ್ನು ಗಮನಿಸದ ಹಾಗೆ ಇದ್ದೆವು.

ಮೂರನೆಯ ಚೀಟಿ ಬರೆದೆ: ಹೆಬ್ರಿ ಕಾರ್ಕಳ ರಸ್ತೆಯ ಕಾಡಿನ ತಿರುವು, ಹಸನಬ್ಬರ ಕಾಗದದ ಪ್ರಕಾರ. ನನ್ನ ಚೀಟಿಯನ್ನು ತೆಗೆದುಬಿಡೋಣವೇ ಎಂದು ಕೇಳಲು ಬಾಯಿ ತೆರೆದವಳು ಐದು ಚೀಟಿಯ ಹಳೆಯ ಬಾಟಲಿ ನೆನಪಾಗಿ ಮುಚ್ಚಿಕೊಂಡೆ. ಜಾತಿಯ ವಿವರಣೆ ಬರೆದು ಮುಗಿದಿತ್ತು. ಹೆಸರಿನ ಜಾಗ ಖಾಲಿ ಬಿಟ್ಟೆ. ಇನ್ನೊಂದು ಗಂಡು ಸಿಗುವವರೆಗೆ ಅಚ್ಚಿಗೆ ಕೊಡುವುದಿಲ್ಲ ಎಂದೆ. ಇಂಗರ್ ತಲೆಯಾಡಿಸಿದರು. ಅವರಿಗೆ ಅವಸರವಿರಲಿಲ್ಲ. ನೂರು ವರ್ಷ ಕಾದ ಹುಳಗಳ ನಡುವೆ ಕೂತವರು.

ಹೆಬ್ರಿ ರಸ್ತೆ, ಮುಂದಿನ ಮಳೆಗಾಲ

ಪ್ರವಾಸ ಕಥನ ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಮುಗಿಯಬೇಕು. ಇದು ಇನ್ನೂ ಮುಂದೆ ಹೋಗಬೇಕು.

ಊರಿಗೆ ಬಂದ ಮೇಲೆ ಹಸನಬ್ಬ ನನ್ನ ಕಣ್ಣಿಗೆ ಬೀಳಲಿಲ್ಲ. ಕಪ್ಪೆ ಬರುತ್ತಿತ್ತು, ಬೇರೆಯವರ ಕೈಯಲ್ಲಿ. ಜೂನ್ ತಿಂಗಳಲ್ಲಿ ನಾನೇ ಕಾಪುವಿಗೆ ಹೋದೆ. ಮಸೀದಿಯ ಪಕ್ಕದ ಅಂಗಡಿಯಲ್ಲಿ ಕೂತಿದ್ದವರು ನನ್ನನ್ನು ನೋಡಿ ಎದ್ದು ನಿಂತರು. ಮುಖ ನೆಲದ ಕಡೆ.

"ಹಿಂದಿನ ಸಲಕ್ಕೆ ಧನ್ಯವಾದ, ಹಸನಬ್ಬ," ಎಂದೆ.

"ಎಂತ ಹಿಂದಿನ ಸಲ ಟೀಚರೇ?" ಎಂದು ಗಾಬರಿಯಾದರು.

"ಕಾಗದಕ್ಕೆ. ಬನ್ನಿ, ಜಾಗ ತೋರಿಸಬೇಕು."

ಹೆಬ್ರಿಯಿಂದ ನಡೆದೇ ಬಂದೆವು. ಕಾಡಿನಲ್ಲಿ ತಿರುವುಗಳು ಒಂದೆರಡಲ್ಲ. ಮೊದಲನೆಯದರಲ್ಲಿ ಹಸನಬ್ಬ ಇದೇ ಎಂದರು, ಎರಡನೆಯದು ಬಂದಾಗ ಅಲ್ಲ ಇದು ಎಂದರು. ಪ್ರತಿ ತಿರುವಿನಲ್ಲೂ ಮರವನ್ನು ದೂರದಿಂದ ತೋರಿಸಿ, ತಾವು ರಸ್ತೆಯ ಆಚೆ ಬದಿಗೆ ಹೋಗಿ, ಬೆನ್ನು ತಿರುಗಿಸಿ, ಕೊಡೆ ಹಿಡಿದು ನಿಲ್ಲುತ್ತಿದ್ದರು. ನಾನು ಒಬ್ಬಳೇ ಎಲೆ ಕೆದಕುತ್ತಿದ್ದೆ. ಮೂರನೆಯ ತಿರುವಿನಲ್ಲಿ ಸಾಕಾಯಿತು.

"ಹಸನಬ್ಬ, ಈಗ ಇಲ್ಲಿ ಯಾರೂ ಎಂತದೂ ಮಾಡುತ್ತಾ ಇಲ್ಲ. ಬಂದು ಹುಡುಕಿ ಮಾರಾಯರೇ."

ಬಂದರು. ಅವರು ಬಂದು ಹತ್ತು ನಿಮಿಷವಾಗಿರಲಿಲ್ಲ, "ಟೀಚರೇ, ಇಲ್ಲಿ ಒಬ್ಬ ಯಜಮಾನ ಉಂಟು ನೋಡಿ," ಎಂದರು. ಕಂದು ಬೆನ್ನು, ಹಳದಿ ಚುಕ್ಕೆ. ಕೈಮಸೂರದಲ್ಲಿ ಏಳನೆಯ ಉಂಗುರ ನೋಡಿದೆ. ಕಾಲಿರಬೇಕಾದಲ್ಲಿ ಕಾಲಿರಲಿಲ್ಲ. ಕೊಕ್ಕೆಯ ತುದಿ ಸೀಳಿತ್ತು, ಒಂದು ಕವಲು ಹಿಂದಕ್ಕೆ ಬಾಗಿತ್ತು. ಅಂಗೈಯಲ್ಲಿ ಸುತ್ತಿಕೊಂಡು ವಾಸನೆ ಬಿಟ್ಟಿತು. ಹಸನಬ್ಬರ ಮೂಗಿಗೆ ಹಿಡಿದೆ.

"ಕಪ್ಪೆಗಿಂತ ಎಷ್ಟೋ ಒಳ್ಳೆಯದು," ಎಂದರು.

ಅದಾದ ಮೇಲೆ ಕಾರ್ಕಳದ ಗುಡ್ಡದ ಹಿಂಬದಿಗೆ ಮೂರು ಸಲ ಹೋಗಿ ಬಂದೆ. ಅಲ್ಲಿ ಆ ಜಾತಿ ಇಲ್ಲ. ತಟ್ಟೆಯಷ್ಟು ದೊಡ್ಡ ಕಲ್ಲೂ ಇಲ್ಲ.

ಹೆಸರಿನ ಜಾಗ ಇನ್ನೂ ಖಾಲಿಯಿತ್ತು. ಎರಡನೆಯ ಗಂಡು ಸಿಕ್ಕಿದ ದಿನ ತಿರುವಿನಲ್ಲಿ ಬಸ್ಸಿಗೆ ಕಾಯುವಾಗ ಹಸನಬ್ಬರ ಹೆಸರೇ ಇಡಲೇ ಎಂದು ಕೇಳಿದೆ.

"ಬೇಡ ಟೀಚರೇ. ಅದು ಹೇಗೆ ಸಿಕ್ಕಿತು ಎಂದು ನನ್ನ ಮಕ್ಕಳು ಕೇಳುತ್ತಾರೆ."

ಕೊನೆಗೆ ದಾರಿಬದಿಯದು ಎಂಬ ಅರ್ಥದ ಒಂದು ಲ್ಯಾಟಿನ್ ಪದವನ್ನು ಇಂಗರ್ ಸೂಚಿಸಿದರು. ಹಸನಬ್ಬರಿಗೆ ಹೇಳಿದಾಗ ಸ್ವಲ್ಪ ಯೋಚಿಸಿ, "ಅಷ್ಟಕ್ಕೇ ನಿಲ್ಲಿಸಿದ್ದಾರೆ ಅಲ್ವಾ?" ಎಂದು ಖಚಿತಪಡಿಸಿಕೊಂಡರು.

ಗಂಡು ಸಿಕ್ಕಿದ ಮಧ್ಯಾಹ್ನವೇ ಬಸ್ಸಿನಲ್ಲಿ ಕೂತು, ಟಿಕೆಟಿನ ಹಿಂಬದಿಯಲ್ಲಿ, ಪೆನ್ಸಿಲಿನಲ್ಲಿ ನಾಲ್ಕನೆಯ ಚೀಟಿ ಬರೆದೆ. ಹೆಬ್ರಿಯಿಂದ ಮೂರನೆಯ ತಿರುವು, ಎಲೆಗೊಬ್ಬರದಲ್ಲಿ, ಹಿಡಿದವರು ಹಸನಬ್ಬ, ಎರಡೂ ಸಲ. ಮಣ್ಣು ಹತ್ತಿತು, ಒರೆಸಲಿಲ್ಲ. ಹೊಸ ಗಂಡಿನ ಜೊತೆ ಅದನ್ನು ಕೋಪನ್‌ಹೇಗನ್‌ಗೆ ಕಳುಹಿಸಿ, ಚೀಟಿಯನ್ನು ಹಳೆಯ ಬಾಟಲಿಗೆ ಹಾಕಬೇಕೆಂದು ಕೇಳಿಕೊಂಡೆ. ಹಾಕಿದ್ದೇನೆ ಎಂದು ಇಂಗರ್ ಬರೆದರು.

ಆದ್ದರಿಂದ ನನ್ನ ಎರಡನೆಯ ಚೀಟಿ ಅಲ್ಲಿ ಇನ್ನೂ ಇದೆ. ಕಾರ್ಕಳದ ಗುಡ್ಡ, ಕರಿಬಂಡೆಯ ಬುಡ, ಕಲ್ಲಿನಡಿ, ನಾನೇ ಹಿಡಿದದ್ದು. ತಪ್ಪು ಎಂದು ಈಗ ಎಲ್ಲರಿಗೂ ಗೊತ್ತು. ಆದರೂ ಬಾದಾಮಿಯ ವಾಸನೆ ಬಂದಾಗಲೆಲ್ಲ ನಾನು ಕಲ್ಲು ಎತ್ತುತ್ತೇನೆ. ಕೆಸರು ಹತ್ತುತ್ತದೆ. ಬಳೆಯನ್ನು ಮಾತ್ರ ಈಗ ತೆಗೆದಿಟ್ಟಿದ್ದೇನೆ.